ನಾನು ಭೇಟಿಯಾಗದ ಐವತ್ತಾರು ಜನ

ಎಂಟು ವರ್ಷ ನಾನು ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೆಯ ಪ್ರಯತ್ನಕ್ಕೆ. ಒಂದು ಮೊಬೈಲ್ ಆ್ಯಪ್ ಯಾರಿಗೆ ಬೇಕು, ಅದರಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವವನೇ ಪ್ರಾಡಕ್ಟ್ ಮ್ಯಾನೇಜರ್. ಕೋಡ್ ಬರೆಯುವವರು ಬೇರೆ. ಇವನ ಕೆಲಸ ಜನರನ್ನು ಕೇಳುವುದು, ನೋಡುವುದು, ತೂಗುವುದು, ತಪ್ಪಾದರೆ ನನ್ನದು ಎನ್ನುವುದು. ಈ ಕೊನೆಯದನ್ನು ನಾನು ಕಲಿತದ್ದು ತಡವಾಗಿ, ಅದೂ ಬೇರೆಯವರಿಗೆ ಪೆಟ್ಟು ಬಿದ್ದ ಮೇಲೆ.

ಹೋದ ತಿಂಗಳು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದುವ ಕೆಲವರು ಕರೆದರೆಂದು ಹೋಗಿ, ಈ ವೃತ್ತಿಗೆ ಬೇಕಾದ ಕೌಶಲಗಳ ಬಗ್ಗೆ ಒಂದು ಗಂಟೆ ಮಾತಾಡಿದೆ. ಒಬ್ಬ ಹುಡುಗಿ ಎದ್ದು, "ಬಳಸೋ ಜನರನ್ನ ಅರ್ಥ ಮಾಡ್ಕೊಳ್ಳೋದು ಹೇಗೆ ಕಲಿತ್ರಿ ಸರ್?" ಎಂದು ಕೇಳಿದಳು. "ಮನೆ ಮನೆ ಸುತ್ತಿ ಕಲಿತೆ ತಾಯಿ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಸರಿಯಾಗಿ ಕೂರಲು ಆಗಲಿಲ್ಲ. ಮನೆ ಮನೆ ಸುತ್ತಿದ್ದು ನಿಜ, ಆದರೆ ಅದು ಎರಡನೆಯ ಸಲ. ಮೊದಲನೆಯ ಸಲ ಸುತ್ತದೆಯೇ ಸುತ್ತಿದೆ ಎಂದು ಬರೆದುಕೊಟ್ಟಿದ್ದೆ. ಅದರಿಂದ ಗಿರಿಜಮ್ಮ ಎಂಬ ಅಡುಗೆ ಕಂಟ್ರಾಕ್ಟರ್ ತಮ್ಮ ಇಪ್ಪತ್ತು ವರ್ಷದ ಹೆಸರನ್ನು ಕಳೆದುಕೊಳ್ಳುವ ಹಾಗಾಯಿತು, ನಮ್ಮ ಕೋಡ್ ಬರೆಯುವ ಅನ್ಬು ಮಾಡದ ತಪ್ಪಿಗೆ ಕೆಲಸ ಕಳೆದುಕೊಳ್ಳುವ ಹಾಗಾಯಿತು. ಈ ಕೆಲಸಕ್ಕೆ ಬರುವವರು ನನ್ನ ಭಾಷಣಕ್ಕಿಂತ ಇದನ್ನು ಓದುವುದು ಒಳ್ಳೆಯದು.

ಮೊದಲು ನಾನು ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ಇಪ್ಪತ್ತಾರು ವರ್ಷ ಮ್ಯಾನೇಜರ್ ಆಗಿದ್ದೆ. ಅಲ್ಲಿ ನನಗೆ ಒಂದೇ ಒಂದು ವಿದ್ಯೆ ಬಂತು. ಲಗ್ನಪತ್ರಿಕೆ ನೋಡಿ ಎಷ್ಟು ಎಲೆ ಬೀಳುತ್ತದೆ ಎಂದು ಹೇಳುತ್ತಿದ್ದೆ. ಎಲೆ ಎಂದರೆ ಊಟಕ್ಕೆ ಕೂರುವ ಒಬ್ಬ ಮನುಷ್ಯ. ಅದೇ ದಿನ ಊರಲ್ಲಿ ಇನ್ನೆಷ್ಟು ಲಗ್ನ, ಗದ್ದೆಯಲ್ಲಿ ನಾಟಿಯೋ ಕೊಯ್ಲೋ, ಪತ್ರಿಕೆಯನ್ನು ಕೈಗೆ ಕೊಟ್ಟರೋ ಅಂಚೆಗೆ ಹಾಕಿದರೋ, ಇವೆಲ್ಲ ತಲೆಯೊಳಗೆ ತಮ್ಮಷ್ಟಕ್ಕೆ ಕೂಡಿಕೊಂಡು ಒಂದು ಸಂಖ್ಯೆ ಬಾಯಿಗೆ ಬರುತ್ತಿತ್ತು.

ಸುಮಿತ್ರಾ ಮೇಡಂ ತಮ್ಮನ ಮದುವೆಗೆ ಮಂಟಪ ನೋಡಲು ಬಂದಾಗ "ಎಂಟುನೂರ ನಲವತ್ತು" ಎಂದೆ. ಎಂಟುನೂರ ಮೂವತ್ತೆರಡು ಎಲೆ ಬಿದ್ದವು. ಅವರು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವುದನ್ನು ಬಿಟ್ಟು, ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯ ಮೇಲೆ ಆರು ಜನರ ಕಂಪನಿ ನಡೆಸುತ್ತಿದ್ದರು.

"ಇದನ್ನ ಹೇಗೆ ಹೇಳಿದ್ರಿ?" ಎಂದರು.

"ಹೇಳ್ತೀನಿ ಅಷ್ಟೇ ಮೇಡಂ. ಹೇಗೆ ಅಂತ ನಂಗೂ ಗೊತ್ತಿಲ್ಲ."

"ಹಾಗಾದ್ರೆ ನಮ್ಮಲ್ಲಿಗೆ ಬನ್ನಿ. ನಿಮ್ಮ ತಲೇಲಿರೋದನ್ನ ಫೋನಿಗೆ ಹಾಕೋಣ."

ಗೋಪಾಳ ಬಡಾವಣೆಯ ನಮ್ಮ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ಮ್ಯಾನೇಜರ್ ಅಂದ್ರಾ, ವಾಚ್‌ಮನ್ ಅಂದ್ರಾ, ಸರಿಯಾಗಿ ಕೇಳ್ಕೊಂಡು ಬಂದ್ರಾ?" ಎಂದಳು.

ಆ್ಯಪಿಗೆ 'ಎಲೆ' ಎಂದೇ ಹೆಸರಿಟ್ಟೆವು. ಅನ್ಬು ಭದ್ರಾವತಿಯ ಹುಡುಗ. ಅವನ ಅಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ಮನೆಯಲ್ಲಿ ತಮಿಳು, ಹೊರಗೆ ನನಗಿಂತ ಒಳ್ಳೆಯ ಕನ್ನಡ. ನನಗೆ ಈ ವೃತ್ತಿಯ ಅಕ್ಷರಾಭ್ಯಾಸ ಮಾಡಿಸಿದವನು ಅವನೇ. ಆದರೆ 'ಆಗಲ್ಲ' ಎನ್ನುವುದನ್ನು ಕಲಿಸಲು ಅವನಿಗೂ ಆಗಲಿಲ್ಲ. ಮಂಟಪದಲ್ಲಿ ಇಪ್ಪತ್ತಾರು ವರ್ಷ ಯಾರು ಏನು ಕೇಳಿದರೂ "ಮಾಡ್ಸೋಣ" ಎಂದು ರೂಢಿಯಾದ ನಾಲಿಗೆ ನನ್ನದು. ಒಬ್ಬ ಅಡುಗೆಯವರು ರಾಹುಕಾಲ ತೋರಿಸಬೇಕೆಂದರು, ಮಾಡ್ಸೋಣ ಎಂದೆ. ಇನ್ನೊಬ್ಬರು ಆ್ಯಪ್ ತೆರೆದ ಕೂಡಲೇ ಭಜನೆ ಬರಲಿ ಎಂದರು, ಅದಕ್ಕೂ ಮಾಡ್ಸೋಣ ಎಂದೆ. ಕೊನೆಗೆ ಮೊದಲ ಪರದೆಯ ಮೇಲೇ ಹನ್ನೊಂದು ಗುಂಡಿಗಳಾದವು. "ಸರ್, ಇದು ಆ್ಯಪೋ ಸೋಮವಾರದ ಸಂತೆಯೋ?" ಎಂದ ಅನ್ಬು.

ಅದನ್ನು ತೋರಿಸಲು ಭದ್ರಾವತಿಯಲ್ಲಿ ಗಿರಿಜಮ್ಮ ಅಡುಗೆ ಮಾಡುತ್ತಿದ್ದ ಜಾಗಕ್ಕೆ ಹೋದೆವು. ಐವತ್ತು ದಾಟಿದ ಹೆಂಗಸು, ಹಣೆಯ ತುಂಬ ವಿಭೂತಿ. ಹೋಳಿಗೆಯ ಕಣಕ ನಾದುತ್ತಿದ್ದರು, ಮೊಣಕೈವರೆಗೆ ಎಣ್ಣೆ, ಅರಿಶಿನ. ಫೋನನ್ನು ತೊಳೆದ ಹಾಲಿನ ಪ್ಯಾಕೆಟ್ಟಿನೊಳಗೆ ಹಾಕಿ ಕಿಟಕಿಗೆ ನೇತು ಹಾಕಿದ್ದರು. ಮೊಣಕೈಯಿಂದ ಒತ್ತಿದರು, ಭಜನೆ ಶುರುವಾಯಿತು. ಅದನ್ನು ನಿಲ್ಲಿಸಲು ಬೆರಳ ಗೆಣ್ಣಿನಿಂದ ಒತ್ತಿದರು, ರಾಹುಕಾಲ ಬಂತು, ಭಜನೆಯೂ ನಿಲ್ಲಲಿಲ್ಲ.

"ನೋಡಿ ಅಣ್ಣ," ಎಂದರು ಗಿರಿಜಮ್ಮ, "ನಂಗೆ ಬೇಕಾಗಿರೋದು ಒಂದೇ ನಂಬರು. ಎಷ್ಟು ಎಲೆ. ಒಲೆ ಹತ್ರ ನಿಂತು ಓದೋ ಹಾಗೆ ದೊಡ್ಡದಾಗಿ ಬರೀರಿ. ಬಾಕಿದೆಲ್ಲ ನಿಮ್ಮನೇಲಿ ಇಟ್ಕೊಳ್ಳಿ."

ಹತ್ತು ಗುಂಡಿ ತೆಗೆದೆವು. ಭಜನೆಯವರು ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ನನ್ನ ಕಾಲದ ಅತ್ಯಂತ ಒಳ್ಳೆಯ ತೀರ್ಮಾನ ಅದೇ, ಅದೂ ಗಿರಿಜಮ್ಮನದು. ಅಡುಗೆಮನೆಯಲ್ಲಿ ಅರ್ಧ ಗಂಟೆ ನಿಂತದ್ದರಿಂದ ಬಂದದ್ದು. ಇಷ್ಟು ಕಣ್ಣಾರೆ ಕಂಡ ಮೇಲೂ ನಾನು ಮುಂದಿನದನ್ನು ಮಾಡಿದೆ.

ಮೇಡಂಗೆ ಒಂದು ಯೋಚನೆ ಬಂತು. ಪತ್ರಿಕೆ ಸಿಕ್ಕಿದವರ ಫೋನಿಗೇ ಒಂದು ಸಂದೇಶ ಕಳಿಸುವುದು. 'ಬರುತ್ತೇವೆ', 'ಬರುವುದಿಲ್ಲ' ಎಂದು ಎರಡು ಗುಂಡಿ, ಎಷ್ಟು ಜನ ಎಂದು ಬರೆಯಲು ಒಂದು ಚೌಕ. ಜನ ಒತ್ತುತ್ತಾರೋ ಇಲ್ಲವೋ ತಿಳಿಯಲು ಭದ್ರಾವತಿಯಲ್ಲಿ ಅರವತ್ತು ಮನೆಗೆ ಹೋಗಿ ಕೇಳಿಕೊಂಡು ಬರುವ ಕೆಲಸ ನನ್ನದು. ಅರವತ್ತು ಫಾರಂ ಕೊಟ್ಟು ಕಳಿಸಿದರು.

ಮೊದಲ ಮನೆಯಲ್ಲಿ ಅವಲಕ್ಕಿ, ಕಾಫಿ ಕೊಟ್ಟು, ಮಗಳಿಗೆ ಗಂಡಿದ್ದರೆ ಹೇಳಿ ಎಂದರು. ಎರಡನೆಯ ಮನೆಯವರು ಪಕ್ಕದ ಮನೆಯ ಚರಂಡಿ ತೋರಿಸಿ ನ್ಯಾಯ ಹೇಳಲು ಕೂರಿಸಿದರು. ಮೂರನೆಯ ಮನೆಯಲ್ಲಿ ಊಟ ಮಾಡದೆ ಬಿಡಲಿಲ್ಲ. ನಾಲ್ಕನೆಯ ಮನೆಯ ಯಜಮಾನರು ಜಗಲಿಯಲ್ಲಿ ಮಲಗಿದ್ದರು. ಏಳಲಿ ಎಂದು ಕಾಯುತ್ತಾ ನಾನೂ ಮಲಗಿಬಿಟ್ಟೆ. ಆ ದಿನಕ್ಕೆ ನಾಲ್ಕೇ ಫಾರಂ.

ಮರುದಿನ ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಎದುರಿನ ಹೋಟೆಲಿಗೆ ಹೋದೆ. ಇಪ್ಪತ್ತಾರು ವರ್ಷ ಈ ಜನರನ್ನು ನೋಡಿದ್ದೇನೆ, ಇವರನ್ನು ಕೇಳುವುದು ಏನಿದೆ ಎನ್ನಿಸಿತು. ಎರಡು ದಿನ ಅಲ್ಲೇ ಕೂತು ಐವತ್ತಾರು ಫಾರಂ ನಾನೇ ತುಂಬಿದೆ. ಅನುಮಾನ ಬರದಿರಲಿ ಎಂದು ಮೂರು ಪೆನ್ನು ಬಳಸಿದೆ, ಕೆಲವನ್ನು ಎಡಗೈಯಲ್ಲಿ ಬರೆದೆ, ನಡುವೆ ನಾಲ್ಕು ಜನ ಸಿಡುಕರನ್ನೂ ಹಾಕಿದೆ. ಅಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಅವರಲ್ಲಿ ಒಬ್ಬರು ತಿಪ್ಪೇಸ್ವಾಮಿ. ಭದ್ರಾವತಿಯ ಕಾರ್ಖಾನೆಯ ನಿವೃತ್ತ ಫೋರ್‌ಮನ್, ವಯಸ್ಸು ಅರವತ್ತೆಂಟು. ಅವರ ಬಾಯಲ್ಲಿ ಹೀಗೆ ಹೇಳಿಸಿದ್ದೆ: "ಬರೋರು ಬರ್ತೀನಿ ಅಂತ ಒತ್ತಲಿ, ಬರದೇ ಇರೋರು ಇಲ್ಲ ಅಂತ ಒತ್ತಲಿ. ಇದ್ರಲ್ಲಿ ನಾಚಿಕೆ ಏನು ಬಂತು?" ಮೇಡಂಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದರು. ನಮ್ಮ ಕೆಲಸದಲ್ಲಿ ಹೀಗೆ ಒಬ್ಬ ಬಳಕೆದಾರನನ್ನು ಕಣ್ಣೆದುರು ಇಟ್ಟುಕೊಳ್ಳುವುದು ಪದ್ಧತಿ. ನಮ್ಮ ಕಣ್ಣೆದುರು ತಿಪ್ಪೇಸ್ವಾಮಿ ಬಂದು ಕೂತರು.

ಅಂದಿನಿಂದ ಪ್ರತಿ ಮೀಟಿಂಗಿನಲ್ಲೂ ಅವರದೇ ಮಾತು. "ಈ ಅಕ್ಷರ ತಿಪ್ಪೇಸ್ವಾಮಿಯವರಿಗೆ ಕಾಣುತ್ತಾ?" "ಗುಂಡಿ ಹಸಿರೋ ನೀಲಿಯೋ, ಅವರನ್ನ ಕೇಳಿ ಹೇಳಿ." ನಾನು ಕೆಳಗಿಳಿದು, ಬಜಾರಿನಲ್ಲಿ ಒಂದು ಕಾಫಿ ಕುಡಿದು ಬಂದು "ಹಸಿರು ಅಂದ್ರು ಮೇಡಂ" ಎನ್ನುತ್ತಿದ್ದೆ. ಅವರ ಜೊತೆ ನಾನೇ ಮಾತಾಡುತ್ತೇನೆ ಎಂದು ಮೇಡಂ ಹೊರಟಾಗ ತಿಪ್ಪೇಸ್ವಾಮಿಯವರನ್ನು ದಾವಣಗೆರೆಯ ಮಗಳ ಮನೆಗೆ ಕಳಿಸಿದೆ. ಎರಡನೆಯ ಸಲ ಹೊರಟಾಗ ಅವರ ಕಣ್ಣಿನ ಪೊರೆ ತೆಗೆಸಿದೆ. ಅವರು ಗುಣವಾಗಲೆಂದು ಮೇಡಂ ಹಣ್ಣು ಕೊಟ್ಟು ಕಳಿಸಿದರು, ಹಣ್ಣನ್ನು ನಾವು ಮನೆಯಲ್ಲಿ ತಿಂದೆವು. ಒಮ್ಮೆ ನಾನು ನಿಜವಾಗಿಯೂ ಒಳ್ಳೆಯ ಸಲಹೆಯೊಂದನ್ನು ಕೊಟ್ಟೆ. "ಇದಕ್ಕೆ ತಿಪ್ಪೇಸ್ವಾಮಿ ಒಪ್ಪಲ್ಲ" ಎಂದು ಮೇಡಂ ತಳ್ಳಿಹಾಕಿದರು.

ಅನ್ಬು ಎರಡು ಸಲ ಎಚ್ಚರಿಸಿದ. "ಸರ್, ನಮ್ಮ ಮಾವ ಅದೇ ಕಾರ್ಖಾನೇಲಿ ಮೂವತ್ತು ವರ್ಷ ಇದ್ರು. ಆ ಹೆಸರಿನ ಫೋರ್‌ಮನ್ ಗೊತ್ತಿಲ್ಲ ಅಂತಾರೆ."

"ಬೇರೆ ಶಿಫ್ಟು ಇರಬೇಕು ಮಾರಾಯ."

"ಇನ್ನೊಂದು ಸರ್. ನಮ್ಮಮ್ಮ 'ಬರುವುದಿಲ್ಲ' ಅಂತ ಸತ್ರೂ ಒತ್ತಲ್ಲ. ಮದುವೆಗೆ ಕರೆದೋರಿಗೆ ಬರಲ್ಲ ಅಂತ ಹೇಳಕ್ಕೆ ಯಾರಿಗೆ ಬಾಯಿ ಬರುತ್ತೆ?"

ಅವನು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಗೋಡೆಯ ಕಡೆ ಕೈ ತೋರಿಸಿ, "ಅವರು ಒತ್ತುತ್ತಾರಲ್ಲ" ಎಂದೆ.

ಮೊದಲ ಪ್ರಯೋಗ ಭದ್ರಾವತಿಯ ಒಂದು ಮದುವೆ. ಅಡುಗೆ ಗಿರಿಜಮ್ಮನದು. ಆ್ಯಪಿನಲ್ಲಿ ದೊಡ್ಡದಾಗಿ ಸಾವಿರದ ಆರುನೂರ ನಲವತ್ತು ಎಂದು ಬಂತು. 'ಬರುವುದಿಲ್ಲ' ಒತ್ತಿದವರು ಇಬ್ಬರೇ. ಅವರಲ್ಲಿ ಒಬ್ಬರು ಆಮೇಲೆ ಫೋನ್ ಮಾಡಿ, ಮೊಮ್ಮಗು ಒತ್ತಿತೆಂದು ಕ್ಷಮೆ ಕೇಳಿದರು.

"ಅಣ್ಣ, ನಿಮ್ಮ ಫೋನು ಹದಿನಾರು ನೂರು ಅಂತದೆ. ನನ್ನ ಅಂದಾಜಿಗೆ ಒಂಬೈನೂರು ದಾಟಲ್ಲ" ಎಂದರು ಗಿರಿಜಮ್ಮ.

ಪತ್ರಿಕೆ ನನ್ನ ಕೈಯಲ್ಲೇ ಇತ್ತು. ನೋಡಿದ ಕೂಡಲೇ ನನ್ನ ತಲೆಯಲ್ಲೂ ಒಂಬೈನೂರು ಎಂದೇ ಬಂದಿತ್ತು. ಹಾಗೆಂದರೆ ಫಾರಂಗಳ ಮಾತು ಬರುತ್ತದೆ, ಫಾರಂಗಳ ಹಿಂದೆ ತಿಪ್ಪೇಸ್ವಾಮಿ ಬರುತ್ತಾರೆ. "ಫೋನ್ ನಂಬಿ ಗಿರಿಜಮ್ಮ. ಇದಕ್ಕೆ ನಾನು ಜವಾಬ್ದಾರಿ" ಎಂದೆ. ಅವರು ನನ್ನ ಮುಖ ನೋಡಿ, ಇನ್ನೆರಡು ಒಲೆ ಹೂಡಿಸಿದರು.

ಎಂಟುನೂರ ಎಪ್ಪತ್ತು ಎಲೆ ಬಿದ್ದವು.

ಮಿಕ್ಕಿದ್ದನ್ನು ಹೇಗೆ ವರ್ಣಿಸಲಿ. ಹೋಳಿಗೆ ಬುಟ್ಟಿಗಳಲ್ಲಿತ್ತು, ಬುಟ್ಟಿ ಸಾಲದೆ ಹಸೆಯ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲಿತ್ತು. ಹಾಸ್ಟೆಲ್ಲುಗಳಿಗೆ ಹೋಯಿತು, ಆಟೋ ಸ್ಟ್ಯಾಂಡಿಗೆ ಹೋಯಿತು. ಸಂಜೆ ನಾನು ಹತ್ತಿದ ಶಿವಮೊಗ್ಗದ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು, "ಹೋಳಿಗೆ ತಗೊಳ್ತೀರಾ, ಯಾರೋ ಒಂದು ಬುಟ್ಟಿ ಇಟ್ಟು ಹೋದ್ರು" ಎಂದ.

ಆದರೆ ಅದಕ್ಕೆ ಮೊದಲು ಮಂಟಪದಲ್ಲಿ ಆ ಮನೆಯ ಯಜಮಾನರಾದ ಹುಡುಗಿಯ ದೊಡ್ಡಪ್ಪ ನೆಂಟರೆಲ್ಲರ ಎದುರು ಗಿರಿಜಮ್ಮನನ್ನು ನಿಲ್ಲಿಸಿಕೊಂಡು, "ಇಪ್ಪತ್ತು ವರ್ಷದಿಂದ ಮಾಡ್ತಿದೀನಿ ಅಂತೀಯಲ್ಲಮ್ಮ, ಇದೇನಾ ನಿನ್ನ ಅಂದಾಜು? ಅನ್ನ ಬೀದಿಪಾಲು ಮಾಡಿದೆಯಲ್ಲ" ಎಂದರು. ಗಿರಿಜಮ್ಮ ನನ್ನ ಕಡೆ ನೋಡಿದರು. ನಾನು ಕಂಬಕ್ಕೆ ಕಟ್ಟಿದ ಹೂವಿನ ಮಾಲೆಯನ್ನು ಪರೀಕ್ಷೆ ಮಾಡುತ್ತಿದ್ದೆ. ಆ ವಾರವೇ ಅವರ ಕೈಯಿಂದ ಮೂರು ಸಮಾರಂಭದ ಅಡುಗೆ ತಪ್ಪಿಹೋಯಿತು.

ಆಫೀಸಿನಲ್ಲಿ ಮೇಡಂ ಕೇಳಿದರು, "ಎಲ್ಲಿ ತಪ್ಪಾಯ್ತು?"

"ಕೂಡೋ ಲೆಕ್ಕದಲ್ಲಿ ಏನಾದ್ರೂ..." ಎಂದು ಅನ್ಬು ಕಡೆ ನೋಡಿದೆ. ಇಷ್ಟೇ ನಾನು ಹೇಳಿದ್ದು. ಪೂರ್ತಿ ಸುಳ್ಳು ಹೇಳುವ ಧೈರ್ಯವೂ ಇರಲಿಲ್ಲ. ಅನ್ಬು ಮೂರು ದಿನ ತನ್ನ ಕೋಡನ್ನು ಜಾಲಾಡಿದ. ತಪ್ಪು ಸಿಗಲಿಲ್ಲ, ಸಿಗದಿದ್ದುದೇ ಅವನ ತಪ್ಪಾಯಿತು. ತಿಂಗಳ ಕೊನೆಯೊಳಗೆ ಬೇರೆ ಕೆಲಸ ನೋಡಿಕೋ ಎಂದು ಮೇಡಂ ಹೇಳಿಬಿಟ್ಟರು. ಅವನು ತನ್ನ ಮೇಜಿನ ಡ್ರಾಯರ್ ಖಾಲಿ ಮಾಡುವಾಗ ನಾನು ಪಕ್ಕದಲ್ಲೇ ಕೂತು ಕಂಪ್ಯೂಟರಿನಲ್ಲಿ ಏನೋ ಓದುವವನ ಹಾಗೆ ಇದ್ದೆ.

ಆಗ ಮೇಡಂ ಹೊರಬಂದು, "ಹೋಗೋಕೆ ಮೊದಲು ಒಂದು ಕೆಲಸ. ತಿಪ್ಪೇಸ್ವಾಮಿಯವರನ್ನೇ ಕೇಳೋಣ. ಪೊರೆ ತೆಗೆಸಿ ಇಷ್ಟು ದಿನ ಆಯ್ತಲ್ಲ, ಈಗ ಮನೇಲೇ ಇರ್ತಾರೆ. ಮೂರೂ ಜನ ಹೋಗೋಣ ನಡೀರಿ" ಎಂದರು.

ಕಾರು ತುಂಗೆಯ ಸೇತುವೆ ದಾಟಿತು. ಮನೆ ನೆನಪಿಲ್ಲ ಎಂದರೂ ಮೇಡಂ ಬಿಡಲಿಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಹತ್ತಿರ ಹೂವು ಮಾರುವ ಹೆಂಗಸನ್ನು ಕೇಳಿದರು.

"ಫೋರ್‌ಮನ್ ತಿಪ್ಪೇಸ್ವಾಮಿನಾ? ಅವರು ತೀರ್ಕೊಂಡ್ರಲ್ಲ."

ಸಾವಿನ ಸುದ್ದಿಗೆ ನಾನು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ. ಆದರೆ ಪಕ್ಕದಲ್ಲಿ ನಿಂತಿದ್ದವನು, "ಏ, ಅವರು ಬೇರೆ ಕಣಕ್ಕ. ಇವರು ಆ ಹಳದಿ ಗೇಟಿನ ಮನೆ" ಎಂದು ಬೆರಳು ತೋರಿಸಿದ.

ಹಳದಿ ಗೇಟಿನ ಮನೆಯಲ್ಲಿ ನಿಜವಾಗಿಯೂ ಒಬ್ಬ ತಿಪ್ಪೇಸ್ವಾಮಿ ಇದ್ದರು. ನಿವೃತ್ತ ಫೋರ್‌ಮನ್, ಸುಮಾರು ಎಪ್ಪತ್ತು ವರ್ಷ. ನಾನು ಅವರನ್ನು ಜನ್ಮದಲ್ಲಿ ನೋಡಿರಲಿಲ್ಲ. "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದರು.

"ಇವರು ನಿಮ್ಮ ಹತ್ರ ಬಂದಿದ್ರಲ್ಲ, ಆ್ಯಪ್ ಬಗ್ಗೆ ಕೇಳೋಕೆ" ಎಂದರು ಮೇಡಂ.

ಅವರು ನನ್ನನ್ನು ನೋಡಿದರು. ನನ್ನ ಮುಖ ಹೇಗಿತ್ತೋ ಏನೋ. "ಹೌದೌದು, ಬಂದಿದ್ರು" ಎಂದರು.

"ಬರುವುದಿಲ್ಲ ಅಂತ ಒತ್ತೋಕೆ ನಾಚಿಕೆ ಏನು ಅಂದಿದ್ರಿ."

"ಅಂದಿರ್ಬೇಕು, ಅಂದಿರ್ಬೇಕು."

"ಈಗಲೂ ಒತ್ತುತ್ತೀರಾ?"

"ನೀವು ಹೇಳಿದ್ರೆ ಒತ್ತೋಣ, ಅದಕ್ಕೇನಂತೆ."

"ಕಣ್ಣು ಹೇಗಿದೆ? ದಾವಣಗೆರೆ ಮಗಳು ಚೆನ್ನಾಗಿದ್ದಾರಾ?"

"ದೇವರ ದಯೆ, ಚೆನ್ನಾಗಿದ್ದಾಳೆ" ಎಂದರು ಅವರು.

ಒಳಗಿನಿಂದ ಕಾಫಿ ತರುತ್ತಿದ್ದ ಅವರ ಹೆಂಡತಿ ಬಾಗಿಲಲ್ಲೇ ನಿಂತರು. "ಯಾವ ಮಗಳು ಮಾರಾಯ್ರೆ? ಇರೋನು ಒಬ್ಬ ಮಗ. ನಂಗೆ ಗೊತ್ತಿಲ್ದೆ ದಾವಣಗೆರೇಲಿ ಯಾರನ್ನ ಇಟ್ಟಿದೀರಿ?"

ಮುದುಕರು ನನ್ನ ಕಡೆ ನೋಡಿದರು. ಗುರುತಿಲ್ಲದ ಒಬ್ಬನ ಮಾನ ಉಳಿಸಲು ಹೋಗಿ ತಮ್ಮ ಸಂಸಾರಕ್ಕೇ ಸಂಚಕಾರ ತಂದುಕೊಳ್ಳುತ್ತಿದ್ದರು. ಅದನ್ನು ನೋಡಿಕೊಂಡು ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಹೋಟೆಲು, ಮೂರು ಪೆನ್ನು, ಎಡಗೈ, ತಿಂದ ಹಣ್ಣು. ಕೂಡುವ ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ ಎಂಬುದನ್ನೂ ಹೇಳಿದೆ.

ಮೊದಲು ಮಾತಾಡಿದವನು ಅನ್ಬು. "ಸರ್, ಮೂರು ದಿನ ಹುಡುಕಿದೆ. ಕೂಡೋ ಲೆಕ್ಕ ಇರೋದು ಎರಡು ಸಾಲು. ಎರಡು ಸಾಲನ್ನ ಮೂರು ದಿನ ಓದಿದೀನಿ." ಅವನು ಬೈದಿದ್ದರೆ ವಾಸಿಯಿತ್ತು.

ಮೇಡಂ ಮುದುಕರನ್ನು ಕೇಳಿದರು, "ನೀವು ಯಾಕೆ ಹೌದು ಹೌದು ಅಂದ್ರಿ?"

"ಮನೆಗೆ ಬಂದೋರ ಮುಖಕ್ಕೆ ಇಲ್ಲ ಅನ್ನೋದು ಹೇಗಮ್ಮ?"

ಮೇಡಂ ಕಾಫಿ ಲೋಟವನ್ನು ಕೆಳಗಿಟ್ಟರು. "ಸಾವಿರದ ಆರುನೂರ ನಲವತ್ತು ಜನ ಎಲ್ಲಿಂದ ಬಂದ್ರು ಅಂತ ಈಗ ಗೊತ್ತಾಯ್ತು" ಎಂದರು.

ನನ್ನನ್ನು ಅವರು ಕೆಲಸದಿಂದ ತೆಗೆಯಲಿಲ್ಲ, ತೆಗೆದಿದ್ದರೆ ಸುಲಭವಾಗುತ್ತಿತ್ತು. ಅನ್ಬುವಿನ ಡ್ರಾಯರಿನ ಸಾಮಾನನ್ನು ನನ್ನ ಕೈಯಿಂದಲೇ ವಾಪಸು ಇಡಿಸಿದರು. ಅರವತ್ತು ಮನೆಗೂ ಹೋಗಬೇಕು, ಅನ್ಬು ಕೇಳುತ್ತಾನೆ, ನಾನು ಬರೆದುಕೊಳ್ಳಬೇಕು, ಬಾಯಿ ತೆರೆಯಬಾರದು ಎಂದರು. ಅದಕ್ಕೆ ಮೊದಲು ಗಿರಿಜಮ್ಮನ ಹತ್ತಿರ ಹೋದೆ. ಅವರು ಸೌಟು ಕೆಳಗಿಡದೆ ಕೇಳಿಸಿಕೊಂಡರು.

"ನನ್ನ ಹತ್ರ ಹೇಳಿ ಏನಾಗ್ಬೇಕು? ನನ್ನ ಬೈದದ್ದು ಅಷ್ಟು ಜನರ ಮುಂದೆ. ಅಷ್ಟೇ ಜನರ ಮುಂದೆ ಹೇಳಿ ಬನ್ನಿ. ಯಜಮಾನರನ್ನ ಒಳಗೆ ಕರೆದು ಗುಟ್ಟಾಗಿ ಹೇಳಿ ಬರಬೇಡಿ."

ಆ ಮನೆಯವರು ಬೀಗರ ಊಟ ಇಟ್ಟುಕೊಂಡ ದಿನ ಹೋಗಿ ಮೈಕ್ ಕೇಳಿದೆ. ವಧೂವರರಿಗೆ ಹಾರೈಸಲು ಎಂದುಕೊಂಡು ಕೊಟ್ಟರು. ತಪ್ಪು ಗಿರಿಜಮ್ಮನದಲ್ಲ, ಒಂಬೈನೂರು ಎಂದು ಅವರು ಹೇಳಿದ್ದರು, ಸುಳ್ಳು ಸಂಖ್ಯೆ ಕೊಟ್ಟವನು ನಾನು ಎಂದೆ. ಹಿಂದಿನ ಸಾಲಿನಲ್ಲಿ ಯಾರೋ, "ಓ, ಆ ಹೋಳಿಗೆ ಇವರದಾ? ಚೆನ್ನಾಗಿತ್ತು ಬಿಡಿ" ಎಂದರು, ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ. ಮರುದಿನ ತಾವೇ ಗಿರಿಜಮ್ಮನ ಮನೆಗೆ ಹೋದರಂತೆ. ತಪ್ಪಿಹೋಗಿದ್ದ ಮೂರರಲ್ಲಿ ಒಂದು ಸಮಾರಂಭ ವಾಪಸು ಬಂತು. ಎರಡು ಬರಲಿಲ್ಲ. ಆ ಎರಡು ಬಂದವು ಎಂದು ಬರೆಯಲು ಕೈ ತವಕಿಸುತ್ತದೆ, ಆದರೆ ಹಾಗೆ ಬರೆಯುವ ಚಟವನ್ನು ಬಿಟ್ಟಿದ್ದೇನೆ.

ಅರವತ್ತು ಮನೆಗೆ ಒಂದೂವರೆ ತಿಂಗಳು ಹಿಡಿಯಿತು. ಇಪ್ಪತ್ಮೂರನೆಯ ಮನೆಯಲ್ಲಿ ಒಬ್ಬ ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ನಮ್ಮನ್ಯಾಕೆ ಕೇಳ್ತೀರಿ? ಪತ್ರಿಕೆ ಕೊಡಕ್ಕೆ ಬಂದೋರನ್ನ ಕೇಳಿ. ನಾವು ಬರ್ತೀವೋ ಇಲ್ವೋ ನಮ್ಮ ಮುಖ ನೋಡಿದ್ರೆ ಅವರಿಗೆ ಗೊತ್ತಾಗಲ್ವಾ?" ಎಂದರು. ನಾನು ಬರೆಯುವುದನ್ನು ನಿಲ್ಲಿಸಿದೆ. ಅನ್ಬು ನನ್ನ ಕಡೆ ನೋಡಿ, "ಬರ್ಕೊಳ್ಳಿ ಸರ್" ಎಂದ.

ಕರೆಸಿಕೊಂಡವರಿಗೆ ಇಟ್ಟಿದ್ದ ಎರಡೂ ಗುಂಡಿಗಳನ್ನು ತೆಗೆದೆವು. ಕರೆಯಲು ಹೋದವರು ಗೇಟು ದಾಟಿ ಬಂದ ಮೇಲೆ ಒಂದು ಗುರುತು ಹಾಕಬೇಕು: ಬರುತ್ತಾರೆ, ಅನುಮಾನ, ಬರುವುದಿಲ್ಲ. ಆ ಗುರುತನ್ನು ನೆಂಟರಿಗೆ ಎಂದೂ ತೋರಿಸಬಾರದು ಎಂಬ ನಿಯಮ ಮಾಡಿದವನು ನಾನು. ಮುಂದಿನ ಮದುವೆಗಳಲ್ಲಿ ಎಲೆ ಹೆಚ್ಚುಕಡಿಮೆ ಸರಿಯಾಗಿ ಬಿದ್ದವು. ಗಿರಿಜಮ್ಮ ಆ್ಯಪನ್ನು ಮತ್ತೆ ಬಳಸತೊಡಗಿದರು, ನನ್ನ ಜೊತೆ ಮಾತ್ರ ಕೆಲಸವಿದ್ದಷ್ಟೇ ಮಾತು.

ನಾನು ನಿವೃತ್ತನಾದ ಮೇಲೆ ಆ ಕುರ್ಚಿಗೆ ಬಂದವನು ಅನ್ಬು. ಈ ವರ್ಷ ಅವನ ಮದುವೆ ಗೊತ್ತಾಯಿತು. ಪತ್ರಿಕೆ ಹಿಡಿದು ಗೋಪಾಳದ ಮನೆಗೆ ಬಂದ. "ಬರ್ತೀನಿ ಮಾರಾಯ, ಬರದೆ ಇರ್ತೀನಾ" ಎಂದೆ. ಅಡುಗೆ ಗಿರಿಜಮ್ಮನದು ಎಂದು ತಿಳಿದು ಒಳಗೊಳಗೇ ಹೋಗುವುದೋ ಬೇಡವೋ ಎನ್ನಿಸಿತ್ತು. ಅವನು ಗೇಟು ದಾಟಿ, ಫೋನ್ ತೆಗೆದು ಏನೋ ಒತ್ತಿದ.

"ಏನು ಗುರುತು ಹಾಕಿದೆ?" ಎಂದು ಕಿಟಕಿಯಿಂದ ಕೇಳಿದೆ.

"ಅದನ್ನ ನೆಂಟರಿಗೆ ತೋರ್ಸಲ್ಲ ಸರ್" ಎಂದು ಗಾಡಿ ಹತ್ತಿದ.

ಮದುವೆಯ ದಿನ ಹೋದೆ. ಮೊದಲ ಪಂಕ್ತಿ ಬಿಟ್ಟೆ, ಎರಡನೆಯದನ್ನೂ ಬಿಟ್ಟೆ. ಕೊನೆಗೆ ಮಂಟಪದ ಹಿಂಬಾಗಿಲಿನಿಂದ ಅಡುಗೆಮನೆಗೆ ಹೋಗಿ ನಿಂತೆ. ಗಿರಿಜಮ್ಮ ಹೋಳಿಗೆ ತಟ್ಟುತ್ತಿದ್ದರು. ತಲೆ ಎತ್ತಿ ನೋಡಿದರು.

"ಬಂದ್ರಾ ಅಣ್ಣ. ನಿಮ್ಮ ಹೆಸರಿನ ಮುಂದೆ ಹುಡುಗ ಅನುಮಾನ ಅಂತ ಹಾಕಿದ್ದ. ಫೋನು ಬೇಡ ಅಂದ್ರೂ ನಾನೇ ಒಂದೆಲೆ ಜಾಸ್ತಿ ಇಟ್ಕೊಂಡಿದ್ದೆ. ಹೋಗಿ ಕೂತ್ಕೊಳ್ಳಿ, ಆರಿ ಹೋಗ್ತದೆ."

ಹೋಗಿ ಕೂತೆ.